‘ಶಿವರ್ಸ್’ ಚಿತ್ರದ ಕೊನೆ ಮತ್ತು ರಾಬಿನ್ ವುಡ್ ಕಾಣದ ಜಾಹೀರಾತು

ನಿರ್ದೇಶಕ ಡೇವಿಡ್ ಕ್ರೋನೆನ್‌ಬರ್ಗ್ ಪ್ರತಿಗಾಮಿ ಎಂದು ವಿಮರ್ಶಕ ರಾಬಿನ್ ವುಡ್ 1979ರಲ್ಲಿ ಕೊಟ್ಟ ತೀರ್ಪು ಇಂದಿಗೂ ಚಲಾವಣೆಯಲ್ಲಿದೆ. ‘ಶಿವರ್ಸ್’ (1975) ಅವರಿಗೆ ಕಾಮದ ಬಗೆಗಿನ ಹೇಸಿಗೆಯಿಂದಲೇ ಹುಟ್ಟಿದ ಚಿತ್ರವಾಗಿ ಕಂಡಿತು. ಎದುರು ಪಕ್ಷದವರು ಅದೇ ಚಿತ್ರದಲ್ಲಿ ಬಿಡುಗಡೆಯ ಹಬ್ಬವನ್ನು ಕಂಡರು. ಎರಡೂ ಪಕ್ಷಗಳ ಕಣ್ಣು ನಿವಾಸಿಗಳ ಮೈಹೊಕ್ಕು ಕಾಮೋನ್ಮಾದ ಹಚ್ಚುವ ಹುಳುಗಳ ಮೇಲೆ, ಅವರು ವಾಸಿಸುವ ಕಟ್ಟಡದ ಮೇಲಲ್ಲ.

ಚಿತ್ರ ಶುರುವಾಗುವುದು ಹುಳುವಿನಿಂದಲ್ಲ, ಸ್ಲೈಡ್ ಜಾಹೀರಾತಿನಿಂದ. ಸ್ಟಾರ್‌ಲೈನರ್ ಅಪಾರ್ಟ್‌ಮೆಂಟಿನ ಸೌಕರ್ಯಗಳನ್ನು ನಯವಾದ ದನಿಯೊಂದು ವರ್ಣಿಸುತ್ತದೆ: ನಗರದ ಗದ್ದಲದಿಂದ ದೂರ, ಬೇಕಾದದ್ದೆಲ್ಲ ದ್ವೀಪದಲ್ಲೇ. (ಚಿತ್ರೀಕರಣ ನಡೆದದ್ದು ಮಾಂಟ್ರಿಯಲ್‌ನ ನನ್ಸ್ ಐಲ್ಯಾಂಡ್‌ನಲ್ಲಿ, ಮೀಸ್ ವಾನ್ ಡೆರ್ ರೋಹ್ ವಿನ್ಯಾಸದ ಕಟ್ಟಡಗಳಿರುವ ಜಾಗ.) ಕೊನೆಯ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಾತ್ರಿಯಿಡೀ ಒಬ್ಬರ ಮೇಲೊಬ್ಬರು ಎರಗಿದ ನಿವಾಸಿಗಳು ಈಗ ಒಪ್ಪವಾಗಿ ಉಡುಪು ತೊಟ್ಟು, ಗ್ಯಾರೇಜಿನಿಂದ ಸಾಲಾಗಿ ಕಾರು ಓಡಿಸಿಕೊಂಡು ಊರಿನತ್ತ ಹೊರಡುತ್ತಾರೆ. ತಳ್ಳಾಟವಿಲ್ಲ, ಅರಚಾಟವಿಲ್ಲ. ಸೋಂಕು ಕಟ್ಟಡವನ್ನು ಕೆಡಿಸಲಿಲ್ಲ. ಜಾಹೀರಾತು ಬಯಸಿದಂಥ ನಿಶ್ಚಿಂತ ಬಾಡಿಗೆದಾರರನ್ನೇ ಒದಗಿಸಿಕೊಟ್ಟಿತು.

ಅದಕ್ಕೂ ಮುಂಚೆ ಅಲ್ಲಿನ ಬದುಕು ಹೇಗಿತ್ತು? ನಿವಾಸಿಗಳಲ್ಲೊಬ್ಬನಾದ ನಿಕೋಲಸ್ ಟ್ಯೂಡರ್ ಮಂಚದಲ್ಲಿ ಮಲಗಿ, ಹೊಟ್ಟೆಯ ಚರ್ಮದಡಿ ಉಬ್ಬಿ ಸರಿದಾಡುವ ಗಂಟನ್ನು ಮುದ್ದಿನಿಂದ ಮಾತಾಡಿಸುತ್ತಾನೆ. ಹೆಂಡತಿಯ ಕಡೆ ಅವನ ಗಮನವಿಲ್ಲ. ಅದು ಸೋಂಕಿನ ಲಕ್ಷಣವಲ್ಲವೇ ಎಂದು ವುಡ್ ಪಕ್ಷದವರು ಕೇಳಬಹುದು. ಇರಲಿ. ಆದರೆ ಹುಳು ಅವನಿಗೆ ಬಂದದ್ದೇ ಅನ್ನಾಬೆಲ್ ಎಂಬ ಯುವತಿಯ ಜೊತೆಗಿನ ಕದ್ದ ಸಂಬಂಧದಿಂದ. ಬಿರುಕು ಮೊದಲು, ಹುಳು ಆಮೇಲೆ.

ತಾನು ಸೋಂಕಿತರ ಪಕ್ಷ ಎಂದು ಕ್ರೋನೆನ್‌ಬರ್ಗ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ನಾನು ಸಾಕ್ಷಿಯಾಗಿ ಎತ್ತಿಕೊಳ್ಳುವುದಿಲ್ಲ. ‘ಬಿಡುಗಡೆ’ ಪಂಥದವರು ನೇತುಬಿದ್ದಿರುವುದು ಆ ಮಾತಿಗೇ. ಆದರೆ ಚಿತ್ರದ ಕೊನೆಯಲ್ಲಿ ರೇಡಿಯೋ ಬಿತ್ತರಿಸುವುದು ಲೈಂಗಿಕ ದೌರ್ಜನ್ಯಗಳ ಸುದ್ದಿಯನ್ನು. ಅದನ್ನು ಕಿವಿಗೆ ಹಾಕಿಕೊಳ್ಳದೆ ಹಬ್ಬ ಆಚರಿಸುವುದು ಸೋಮಾರಿತನ.

ಕ್ರೋನೆನ್‌ಬರ್ಗ್ ಅವರ ಉಳಿದ ಚಿತ್ರಗಳ ಕೊನೆ ಬೇರೆ ಜಾತಿಯದು. ‘ರೇಬಿಡ್’ನಲ್ಲಿ (1977) ನಾಯಕಿ ರೋಸ್‌ಳ ಹೆಣ ಕಸದ ಲಾರಿಗೆ ಬೀಳುತ್ತದೆ. ‘ದಿ ಫ್ಲೈ’ನಲ್ಲಿ (1986) ವಿಜ್ಞಾನಿ ಬ್ರಂಡಲ್ ಬಂದೂಕಿನ ನಳಿಗೆಯನ್ನು ತಾನೇ ತಲೆಗೆ ಎಳೆದುಕೊಳ್ಳುತ್ತಾನೆ. ಅಲ್ಲಿ ಒಂದು ದೇಹ ಒಂಟಿಯಾಗಿ ಸೋಲುತ್ತದೆ. ‘ಶಿವರ್ಸ್’ನಲ್ಲಿ ಇಡೀ ವಠಾರವೇ ಗೆದ್ದು ಹೊರಡುತ್ತದೆ. ಒಂದೇ ಹೇಸಿಗೆಯ ದಾರದಲ್ಲಿ ಎಲ್ಲವನ್ನೂ ಪೋಣಿಸಿದರೆ ಈ ವ್ಯತ್ಯಾಸ ಕೈತಪ್ಪುತ್ತದೆ. ವುಡ್ ವಾದಕ್ಕೆ ನಿಜವಾದ ಬಲ ಸಿಗುವುದು ‘ದಿ ಬ್ರೂಡ್’ನಲ್ಲಿ (1979): ನೋಲಾಳ ತಾಯ್ತನವನ್ನು ಕ್ಯಾಮೆರಾ ನೋಡುವ ಬಗೆಯನ್ನು ಸಮರ್ಥಿಸಲು ನನ್ನಿಂದಾಗದು.

‘ಶಿವರ್ಸ್’ ಚಿತ್ರಕ್ಕೆ ಕೆನಡಾದ ಸರ್ಕಾರಿ ಸಂಸ್ಥೆಯ ಹಣ ಹೋಗಿದ್ದಕ್ಕೆ ‘ಸ್ಯಾಟರ್ಡೇ ನೈಟ್’ ಪತ್ರಿಕೆಯಲ್ಲಿ ಕಿಡಿಕಾರಿದ ಪತ್ರಕರ್ತ ರಾಬರ್ಟ್ ಫುಲ್‌ಫೋರ್ಡ್‌ಗೂ ಕಟ್ಟಡ ಕಾಣಲಿಲ್ಲ. ಆದರೆ ಅವರದು ತೆರಿಗೆದಾರನ ನೇರ ಕೋಪ. ಹಿಚ್‌ಕಾಕ್ ಚಿತ್ರಗಳನ್ನು ನೋಡಲು ನಮಗೆಲ್ಲ ಕಲಿಸಿದ ವುಡ್, ಇಲ್ಲಿ ಮೊದಲ ಕೆಲವು ನಿಮಿಷಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದನ್ನು ಮಾತ್ರ ಕ್ಷಮಿಸುವುದು ಕಷ್ಟ.