ಕುದುರೆ ಪಳಗಿದ ಕತೆ: ಎಲುಬುಗಳ ಸಾಕ್ಷ್ಯ

ಕುದುರೆಯನ್ನು ಮೊದಲು ಪಳಗಿಸಿದ್ದು ಎಲ್ಲಿ ಎಂಬ ಪ್ರಶ್ನೆ ಇತ್ಯರ್ಥವಾಯಿತೆಂದು ಈಚೆಗೆ ಬಹಳ ಮಂದಿ ಬರೆಯುತ್ತಿದ್ದಾರೆ. 2021ರಲ್ಲಿ ಲುಡೊವಿಕ್ ಒರ್ಲಾಂಡೊ ಮತ್ತು ಸಂಗಡಿಗರು 273 ಪುರಾತನ ಕುದುರೆಗಳ ಡಿಎನ್‌ಎ ಪರೀಕ್ಷಿಸಿ, ಇಂದಿನ ಸಾಕುಕುದುರೆಗಳ ಮೂಲ ವೋಲ್ಗಾ–ಡಾನ್ ನದಿಗಳ ಕೆಳಬಯಲೆಂದು ತೋರಿಸಿದರು. ಕ್ರಿ.ಪೂ. 2000ದ ಆಸುಪಾಸಿನಲ್ಲಿ ಆ ತಳಿ ಯುರೇಷ್ಯದ ಉದ್ದಗಲಕ್ಕೂ ಹಬ್ಬಿತು. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಇಂದಿನ ಕುದುರೆ ಯಾವುದರ ಸಂತತಿ ಎಂಬುದು ಒಂದು ಪ್ರಶ್ನೆ. ಮನುಷ್ಯ ಕುದುರೆಯೊಂದಿಗೆ ಯಾವಾಗ, ಹೇಗೆ ಬಾಳತೊಡಗಿದ ಎಂಬುದು ಇನ್ನೊಂದು. ಎರಡನೆಯದರ ಬೆನ್ನುಹತ್ತಿದವರು ಎಲುಬು ಓದುವವರು. ಅವರ ದುಡಿಮೆ ಈಗ ಅಡಿಟಿಪ್ಪಣಿಗೆ ಇಳಿದಿದೆ.

ಕಳೆದ ಶತಮಾನದ ಬಹುಭಾಗ ಈ ಚರ್ಚೆ ಭಾಷಾಶಾಸ್ತ್ರದ ಹಿಡಿತದಲ್ಲಿತ್ತು. ಇಂಡೋ-ಯುರೋಪಿಯನ್ ಭಾಷೆಗಳು ಹರಡಿದ ಬಗೆಯ ಕುರಿತು ಪುರಾತತ್ವಜ್ಞೆ ಮರಿಯಾ ಗಿಂಬುಟಾಸ್ ಮುಂದಿಟ್ಟ ಚಿತ್ರದಲ್ಲಿ ಕುದುರೆಯೆಂದರೆ ದಂಡು, ದಾಳಿ, ಗೆಲುವು. ಆ ಚಿತ್ರ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಕುದುರೆಯ ಹಾಲು, ಮಾಂಸಗಳತ್ತ ಯಾರ ಗಮನವೂ ಹೆಚ್ಚಾಗಿ ಹೋಗಲಿಲ್ಲ.

ತಿರುವು ಬಂದದ್ದು ಹಲ್ಲಿನಿಂದ. ಕಡಿವಾಣ ಕಚ್ಚಿದ ಕುದುರೆಯ ಮುಂದವಡೆ ಹಲ್ಲು ಓರೆಯಾಗಿ ಸವೆಯುತ್ತದೆ. ಡೇವಿಡ್ ಆಂಟನಿ ಮತ್ತು ಡಾರ್ಕಸ್ ಬ್ರೌನ್ ಈ ಸವೆತವನ್ನು ಅಳೆದು, 3 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಕಡಿವಾಣದ ಗುರುತೆಂದು ಪರಿಗಣಿಸಿದರು. ಉಕ್ರೇನಿನ ಡೆರೀವ್ಕಾದ ಗಂಡುಕುದುರೆಯ ತಲೆಬುರುಡೆ ಅವರ ಮುಖ್ಯ ಸಾಕ್ಷಿ. ಕಾರ್ಬನ್ ಪರೀಕ್ಷೆಯಲ್ಲಿ ಅದು ಕ್ರಿ.ಪೂ. ಮೊದಲ ಸಹಸ್ರಮಾನದ್ದೆಂದು ತಿಳಿದಾಗ ಅವರೇ ಆ ವಾದವನ್ನು ಹಿಂದಕ್ಕೆ ಪಡೆದರು. ಶಾಸ್ತ್ರ ಬೆಳೆಯುವುದು ಇಂಥ ಪ್ರಾಮಾಣಿಕತೆಯಿಂದ. ಸಾಕ್ಷಿ ಬಿದ್ದರೂ ವಿಧಾನ ಉಳಿಯಿತು.

ಆ ವಿಧಾನದ ನಿಜವಾದ ಪರೀಕ್ಷೆ ನಡೆದದ್ದು ಉತ್ತರ ಕಝಾಕಸ್ತಾನದ ಬೊತೈಯಲ್ಲಿ. ಕ್ರಿ.ಪೂ. 3500ರ ಸುಮಾರಿನ ಈ ನೆಲೆಯಲ್ಲಿ ಸಿಕ್ಕ ಎಲುಬುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕುದುರೆಯವು. 2009ರಲ್ಲಿ ಆಲನ್ ಔಟ್ರಮ್ ಮತ್ತು ಸಂಗಡಿಗರು ಮೂರು ಸುಳಿವುಗಳನ್ನು ಒಟ್ಟಿಗೆ ಇಟ್ಟರು: ಸಪೂರವಾದ ಕಾಲೆಲುಬು, ಸವೆದ ಹಲ್ಲು, ಮಡಕೆಚೂರುಗಳಲ್ಲಿ ಕುದುರೆ ಹಾಲಿನ ಜಿಡ್ಡು. ಹಾಲು ಕರೆಯಬೇಕಾದರೆ ಹೆಣ್ಣುಕುದುರೆ ಹತ್ತಿರ ನಿಲ್ಲಬೇಕು, ಮರಿಯನ್ನೂ ಹತ್ತಿರ ಕಟ್ಟಬೇಕು. ಬೇಟೆಗಾರನಿಗೆ ಸಾಧ್ಯವಾಗದ ಸಲಿಗೆ ಅದು. 2018ರಲ್ಲಿ ಬೊತೈ ಕುದುರೆಗಳು ನಮ್ಮ ಕುದುರೆಗಳ ಪೂರ್ವಜರಲ್ಲ, ಪ್ರೆಜ್ವಾಲ್ಸ್ಕಿ ಕುದುರೆಗಳ ಬಳಗ ಎಂದು ಡಿಎನ್‌ಎ ತಿಳಿಸಿದಾಗ, ಹಲವರು ಬೊತೈಯನ್ನೇ ಕೈಬಿಟ್ಟರು. ಆದರೆ ಇಂದಿನ ಸಾಕುಕುದುರೆಗಳಲ್ಲಿ ಸಂತತಿ ಉಳಿಯಲಿಲ್ಲವೆಂದರೆ ಸಾಕಿರಲೇ ಇಲ್ಲ ಎಂದಾಗುವುದಿಲ್ಲ. ವಿಲಿಯಂ ಟೇಲರ್ ಮತ್ತು ಕ್ರಿಶ್ಚಿಯನ್ ಬಾರೊನ್-ಒರ್ಟಿಸ್ 2021ರಲ್ಲಿ ಎತ್ತಿದ ಆಕ್ಷೇಪ ಇದಕ್ಕಿಂತ ಗಂಭೀರ: ಅಂಥ ಹಲ್ಲಿನ ಗುರುತುಗಳು ಕಾಡುಕುದುರೆಗಳಲ್ಲೂ ಸಹಜವಾಗಿ ಬರಬಲ್ಲವು. ಆ ತಕರಾರೂ ಎಲುಬಿನ ಭಾಷೆಯದೇ. 2024ರಲ್ಲಿ 475 ಪುರಾತನ ಕುದುರೆಗಳ ಅಧ್ಯಯನ, ಬೊತೈಯಲ್ಲೂ ಪೀಳಿಗೆಗಳ ನಡುವಿನ ಅಂತರ ಕುಗ್ಗಿತ್ತೆಂದು, ಅಂದರೆ ಮನುಷ್ಯನ ಕೈ ಆಡಿತ್ತೆಂದು ಸೂಚಿಸಿತು. ಡಿಎನ್‌ಎಯೇ ಸುತ್ತುಬಳಸಿ ಮಡಕೆಚೂರಿನ ಬಳಿಗೆ ಬಂದಿದೆ.

ಸಮಾಜದ ಮೇಲಾದ ಪರಿಣಾಮದ ಬಗ್ಗೆಯೂ ಅವಸರದ ತೀರ್ಪುಗಳು ಕಡಿಮೆಯಿಲ್ಲ. ರಿಕಾಪಿನಿಂದಲೇ ಯುರೋಪಿನ ಊಳಿಗಮಾನ್ಯ ವ್ಯವಸ್ಥೆ ಹುಟ್ಟಿತೆಂಬ ಲಿನ್ ವೈಟ್ ಅವರ 1962ರ ವಾದವನ್ನು ಇತಿಹಾಸಕಾರರು ಬೇಗನೆ ಪ್ರಶ್ನಿಸಿದರೂ ಅದು ಸಾಯುತ್ತಿಲ್ಲ. ಉರಲ್ ಪರ್ವತದ ದಕ್ಷಿಣದ ಸಿಂತಾಷ್ಟಾ ಸಮಾಧಿಗಳ ರಥಗಳು ಯುದ್ಧಚರಿತ್ರೆಗೆ ಮುಖ್ಯ, ನಿಜ. ಆದರೆ ಕುದುರೆಯೇರಿದ ಕುರುಬ ಎಷ್ಟು ದೊಡ್ಡ ಮಂದೆ ಕಾಯಬಲ್ಲ, ಎಷ್ಟು ದೂರದ ಹುಲ್ಲು ಮೇಯಿಸಬಲ್ಲ ಎಂಬುದು ದಿನನಿತ್ಯದ ಬದುಕನ್ನು ಅದಕ್ಕಿಂತ ಆಳವಾಗಿ ಬದಲಿಸಿತೆಂದು ನಾನು ನಂಬುತ್ತೇನೆ. ಅಮೆರಿಕದ ಪಶ್ಚಿಮ ಬಯಲಿನ ಮೂಲನಿವಾಸಿಗಳು 17ನೇ ಶತಮಾನದ ಮೊದಲರ್ಧದಲ್ಲೇ, ಸ್ಪೇನಿನವರ ಬರಹಗಳು ಹೇಳುವುದಕ್ಕಿಂತ ಮೊದಲು, ಕುದುರೆ ಸಾಕುತ್ತಿದ್ದರೆಂದು 2023ರ ಸಂಶೋಧನೆ ತೋರಿಸಿತು. ಅದರಲ್ಲಿ ಆ ಮೂಲನಿವಾಸಿಗಳಾದ ಲಕೋಟ ಜನರ ವಿದ್ವಾಂಸರೂ ಪಾಲ್ಗೊಂಡಿದ್ದರು. ಈ ಕ್ಷೇತ್ರ ಹೋಗಬೇಕಾದ ದಾರಿ ಅದು.

ನಮ್ಮಲ್ಲಿ? ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದ ಎಲುಬುಗಳಲ್ಲಿ ಕೆ.ಆರ್. ಆಲೂರರು ಕುದುರೆಯನ್ನು ಗುರುತಿಸಿದರು. ಕೂಡಲೇ ಚರ್ಚೆ ಎಲುಬಿನಿಂದ ಜಾರಿ ಆರ್ಯರ ಆಗಮನದ ಪರ–ವಿರೋಧಕ್ಕೆ ಹೊರಳಿತು. ಕುದುರೆ, ಕತ್ತೆ, ಕಾಡುಕತ್ತೆಗಳ ಎಲುಬುಗಳನ್ನು ಬೇರ್ಪಡಿಸುವುದೇ ಕಷ್ಟ. ಹೋಲಿಕೆಗೆ ಅಸ್ಥಿಪಂಜರಗಳ ಸಂಗ್ರಹ ಬೇಕು, ಪಳಗಿದ ಕಣ್ಣು ಬೇಕು. ಬಿಸಿ ನೆಲದಲ್ಲಿ ಡಿಎನ್‌ಎ ಸುಲಭವಾಗಿ ಉಳಿಯುವುದಿಲ್ಲ. ಹಾಗಾಗಿ ದಖನ್ನಿನ ಕುದುರೆಯ ಚರಿತ್ರೆಗೆ ಎಲುಬೇ ಮುಖ್ಯ ಆಧಾರ. ವಿಜಯನಗರಕ್ಕೆ ಹೊರ್ಮುಜ್‌ನಿಂದ ಬಂದ ಕುದುರೆಗಳ ವ್ಯಾಪಾರದ ಬಗ್ಗೆ ಪುಟಗಟ್ಟಲೆ ಓದುತ್ತೇವೆ. ತೆಂಕಣ ನಾಡಿನಲ್ಲಿ ಆರೈಕೆ ತಿಳಿಯದೆ ಆಮದು ಕುದುರೆಗಳು ಸಾಯುತ್ತವೆಂದು ಮಾರ್ಕೊ ಪೋಲೊ ಬರೆದದ್ದನ್ನು ಇಂದಿಗೂ ಉದ್ಧರಿಸುತ್ತೇವೆ. ಅವು ಯಾವ ವಯಸ್ಸಿಗೆ ಸತ್ತವು, ಬೆನ್ನೆಲುಬು ಹೊರೆಯಿಂದ ಬೆಸೆದುಕೊಂಡಿತ್ತೆ, ಹಲ್ಲು ಯಾವ ಮೇವಿಗೆ ಸವೆದಿತ್ತು ಎಂಬುದನ್ನು ಹೇಳಬಲ್ಲ ಚೂರುಗಳನ್ನು ಪ್ರತಿ ಅಗೆತದಲ್ಲೂ ಜರಡಿ ಹಿಡಿದು, ಪದರದ ಗುರುತು ಬರೆದು, ಎತ್ತಿಡುವ ಕೆಲಸ ಇನ್ನೂ ಆಗಬೇಕಿದೆ.