ಕಲ್ಲುಹಾಸಿನ ದಾರಿಯಲ್ಲಿ ಒಂದು ಮಳೆಯ ದಿನ

ಫ್ರಾನ್ಸ್ ದೇಶದ ಉತ್ತರದಲ್ಲಿ, ಬೆಲ್ಜಿಯಂ ಗಡಿಯ ಸಮೀಪದಲ್ಲಿ ರೂಬೆ ಎಂಬ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಬಟ್ಟೆ ಗಿರಣಿಗಳಿಗೆ ಹೆಸರಾದ ಊರು. ಇಲ್ಲಿಯ ಇಬ್ಬರು ಗಿರಣಿ ಮಾಲೀಕರು, ಥಿಯೊಡೋರ್ ವಿಯೆನ್ ಮತ್ತು ಮಾರಿಸ್ ಪೆರೆಜ್, 1895ರಲ್ಲಿ ಸೈಕಲ್ ಓಟಕ್ಕೆಂದೇ ಒಂದು ಕ್ರೀಡಾಂಗಣವನ್ನು ಕಟ್ಟಿಸಿದರು. ಅದಕ್ಕೆ ಹೆಸರು ಬರಬೇಕಾದರೆ ದೊಡ್ಡ ಸ್ಪರ್ಧೆಯೊಂದು ನಡೆಯಬೇಕು. ಪ್ಯಾರಿಸ್ಸಿನಿಂದ ಹೊರಟು ರೂಬೆಯ ಕ್ರೀಡಾಂಗಣದಲ್ಲಿ ಮುಗಿಯುವ ಸುಮಾರು 280 ಕಿಲೋಮೀಟರ್ ಉದ್ದದ ಓಟವನ್ನು ಅವರು ಯೋಚಿಸಿದರು. 1896ರ ಆರಂಭದಲ್ಲಿ 'ಲ ವೇಲೊ' ಎಂಬ ಸೈಕಲ್ ಪತ್ರಿಕೆಗೆ ಪತ್ರ ಬರೆದು ಸಹಕಾರ ಕೋರಿದರು.

ಪತ್ರಿಕೆಯವರಿಗೆ ಯೋಜನೆ ಹಿಡಿಸಿತು. ಆದರೆ ದಾರಿ ಹೇಗಿದೆಯೆಂದು ಯಾರಾದರೂ ಕಣ್ಣಾರೆ ನೋಡಿ ಬರಬೇಕಿತ್ತು. ಈ ಕೆಲಸ ವಿಕ್ಟರ್ ಬ್ರೆಯೆ ಎಂಬ ಪತ್ರಕರ್ತನ ಪಾಲಿಗೆ ಬಂತು. ಆತ ಸೈಕಲ್ ಬಲ್ಲವನು, ಆದರೆ ಹಣಕ್ಕಾಗಿ ಓಡುವ ಸ್ಪರ್ಧಾಳುವಲ್ಲ. ಅಮಿಯೆನ್ ನಗರದವರೆಗೆ ಸಹೋದ್ಯೋಗಿಯ ಮೋಟಾರು ಕಾರಿನಲ್ಲಿ ಹೋಗಿ, ರಾತ್ರಿ ಅಲ್ಲಿ ತಂಗಿ, ಮರುದಿನ ಬೆಳಗ್ಗೆ ಸೈಕಲ್ ಏರಿದ. ಮುಂದಿದ್ದುದು ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಹೊರಟಾಗಿನಿಂದ ಗಾಳಿ, ಮಳೆ, ಚಳಿ. ಕಾಲಡಿಯಲ್ಲಿ ಕಲ್ಲು.

ಆ ಕಲ್ಲಿನ ಬಗ್ಗೆ ಇಲ್ಲಿ ಸ್ವಲ್ಪ ತಿಳಿಯಬೇಕು. ಡಾಂಬರು ಬರುವ ಮೊದಲು ಯೂರೋಪಿನ ಅನೇಕ ಕಡೆ ರಸ್ತೆಗೆ ಗಟ್ಟಿ ಕಲ್ಲುಗಳನ್ನು ಕಡಿದು ಒತ್ತೊತ್ತಾಗಿ ಹೂಳುತ್ತಿದ್ದರು. ಭಾರದ ಗಾಡಿಗಳು ಹೂತುಕೊಳ್ಳದಿರಲಿ ಎಂಬುದು ಉದ್ದೇಶ. ನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಆಮೆಯ ಬೆನ್ನಿನಂತೆ ಉಬ್ಬಿಸುತ್ತಿದ್ದರು. ಕಾಲ ಕಳೆದಂತೆ ಗಾಡಿಯ ಚಕ್ರಗಳು ಎರಡು ಪಕ್ಕದ ಕಲ್ಲುಗಳನ್ನು ತಗ್ಗಿಸುತ್ತವೆ, ಸಂದುಗಳು ಬಾಯಿಬಿಡುತ್ತವೆ. ಎತ್ತಿನ ಗಾಡಿಗೆ ಇದು ತೊಂದರೆಯಲ್ಲ. ಸೈಕಲ್ಲಿನ ಕಿರಿದಾದ ಚಕ್ರಕ್ಕೆ ಪ್ರತಿಯೊಂದು ಸಂದೂ ಒಂದು ಬಲೆ. ಒಣಗಿದ್ದಾಗ ಧೂಳು ಮತ್ತು ಕುಲುಕಾಟ. ಮಳೆ ಬಂದರೆ ಅಕ್ಕಪಕ್ಕದ ಬೀಟ್ ಗಡ್ಡೆಯ ಹೊಲಗಳ ಜೇಡಿಮಣ್ಣು ಕಲ್ಲಿನ ಮೇಲೆ ಹರಡಿ ಎಣ್ಣೆ ಸವರಿದಂತಾಗುತ್ತದೆ. ಕೆಸರುನೀರು ತುಂಬಿದ ಗುಂಡಿ ಎಷ್ಟು ಆಳವೆಂದು ಇಳಿದ ಮೇಲೆಯೇ ಗೊತ್ತಾಗುವುದು. ಬ್ರೆಯೆಯ ಕಾಲಕ್ಕೆ ಗಾಳಿ ತುಂಬುವ ಟೈರು ಬಳಕೆಗೆ ಬಂದು ಹತ್ತು ವರ್ಷವೂ ಆಗಿರಲಿಲ್ಲ.

ಸಂಜೆಯ ಹೊತ್ತಿಗೆ ಆತ ಅಡಿಯಿಂದ ಮುಡಿಯವರೆಗೆ ಕೆಸರು ಮೆತ್ತಿಕೊಂಡು, ಸುಸ್ತಾಗಿ ರೂಬೆ ತಲುಪಿದ. ಇಂಥ ಹಾದಿಯಲ್ಲಿ ಸ್ಪರ್ಧಾಳುಗಳನ್ನು ಓಡಿಸುವುದು ಅಪಾಯ, ಯೋಜನೆಯನ್ನು ಕೈಬಿಡಿ ಎಂದು ಪ್ಯಾರಿಸ್ಸಿಗೆ ತಂತಿ ಕಳುಹಿಸಲು ನಿಶ್ಚಯಿಸಿದ್ದ. ಆದರೆ ಆ ರಾತ್ರಿ ರೂಬೆಯ ಗೆಳೆಯರು ಆದರಿಸಿ ಊಟ ಹಾಕಿದರು. ಮೈ ಬೆಚ್ಚಗಾಯಿತು, ಮನಸ್ಸೂ ಬದಲಾಯಿತು. ತಂತಿ ಹೋಗಲಿಲ್ಲ.

1896ರ ಏಪ್ರಿಲ್ 19ರಂದು ಸ್ಪರ್ಧೆ ನಡೆಯಿತು. ಜರ್ಮನಿಯ ಜೋಸೆಫ್ ಫಿಷರ್ 9 ಗಂಟೆ 17 ನಿಮಿಷಗಳಲ್ಲಿ ಗುರಿ ಮುಟ್ಟಿ 1000 ಫ್ರಾಂಕ್ ಬಹುಮಾನ ಪಡೆದ. ಮೂರನೆಯವನಾಗಿ ಬಂದ ಮಾರಿಸ್ ಗ್ಯಾರಾನ್ ಹಿಂದೆ ಹೊಗೆಗೂಡು ಶುಚಿಮಾಡುವ ಕೂಲಿಯಾಗಿದ್ದವನು. ಮುಂದಿನ ಎರಡು ವರ್ಷ ಆತನೇ ಗೆದ್ದ. 1903ರಲ್ಲಿ ಮೊಟ್ಟಮೊದಲ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನೂ ಗೆದ್ದ.

ಮೊದಲ ಮಹಾಯುದ್ಧ ಈ ಪ್ರದೇಶವನ್ನು ರಣಭೂಮಿಯನ್ನಾಗಿ ಮಾಡಿತು. 1919ರಲ್ಲಿ ಓಟವನ್ನು ಮತ್ತೆ ಆರಂಭಿಸುವ ಮುನ್ನ ದಾರಿ ನೋಡಲು ಬಂದವರಿಗೆ ಕಂಡದ್ದು ಗುಂಡಿಬಿದ್ದ ನೆಲ, ಸುಟ್ಟ ಮರದ ಬುಡಗಳು, ಕುಸಿದ ಊರುಗಳು. 'ಉತ್ತರದ ನರಕ' ಎಂಬ ಹೆಸರು ಹುಟ್ಟಿದ್ದು ಆಗ. ಆ ಹೆಸರು ಮೂಲತಃ ಕಲ್ಲಿನ ಹಾದಿಗೆ ಬಂದದ್ದಲ್ಲ, ಯುದ್ಧದ ಹಾಳಿಗೆ ಬಂದದ್ದು ಎಂಬುದನ್ನು ನಾವು ಮರೆಯಬಾರದು.

ಎರಡನೆಯ ಮಹಾಯುದ್ಧದ ನಂತರ ಇನ್ನೊಂದು ವಿಚಿತ್ರ ನಡೆಯಿತು. ರಸ್ತೆಗಳಿಗೆ ಡಾಂಬರು ಬೀಳತೊಡಗಿತು. ಕಲ್ಲಿನ ರಸ್ತೆ ಹಿಂದುಳಿದ ಊರಿನ ಗುರುತು ಎಂದು ನಾಚಿದ ಊರಿನ ಮುಖ್ಯಸ್ಥರು, ಸ್ಪರ್ಧೆ ಹಾಯುವ ದಾರಿಗೇ ಮೊದಲು ಡಾಂಬರು ಹಾಕಿಸಿದರು. ಸಂಘಟಕರು ಹೊಲದ ನಡುವಿನ ಹಳೆಯ ಗಾಡಿದಾರಿಗಳನ್ನು ಹುಡುಕಬೇಕಾಯಿತು. 1968ರಲ್ಲಿ ಅರೆನ್‌ಬರ್ಗ್ ಕಾಡಿನ ಸುಮಾರು 2400 ಮೀಟರ್ ಉದ್ದದ ದಾರಿ ಸೇರಿತು. ಅದನ್ನು ಸೂಚಿಸಿದ ಜಾನ್ ಸ್ಟಾಬ್ಲಿನ್ಸ್ಕಿ, ಅದೇ ಕಾಡಿನ ಕೆಳಗಿನ ಕಲ್ಲಿದ್ದಲು ಗಣಿಯಲ್ಲಿ ದುಡಿದು ಬಳಿಕ ಸೈಕಲ್ ಪಟುವಾದವನು. ಉಳಿದ ಕಲ್ಲುಹಾದಿಗಳನ್ನು ಕಾಪಾಡಲು 1980ರ ದಶಕದಲ್ಲಿ ಅಭಿಮಾನಿಗಳು ಒಂದು ಸಂಘವನ್ನೇ ಕಟ್ಟಿದರು. ಇಂದು ಓಟದಲ್ಲಿ ಸುಮಾರು 55 ಕಿಲೋಮೀಟರ್ ಕಲ್ಲುಹಾದಿ ಇದೆ. ಗೆದ್ದವರಿಗೆ ಸ್ಮರಣಿಕೆಯಾಗಿ ಕೊಡುವುದು ಅದೇ ರಸ್ತೆಯ ಒಂದು ಕಲ್ಲು. 2021ರಲ್ಲಿ ಮಹಿಳೆಯರ ಸ್ಪರ್ಧೆಯೂ ಆರಂಭವಾಗಿ, ಬ್ರಿಟನ್ನಿನ ಲಿಜ್ಜಿ ಡೀನನ್ ಮೊದಲ ಕಲ್ಲನ್ನು ಪಡೆದರು. ವೃತ್ತಿಪರರ ಓಟಕ್ಕೆ ಮುಂಚೆ ಹವ್ಯಾಸಿಗಳೂ ಇದೇ ಕಲ್ಲುಗಳ ಮೇಲೆ ಸೈಕಲ್ ತುಳಿಯುತ್ತಾರೆ.

ಹಾಗಾದರೆ ಅಂದು ಬ್ರೆಯೆ ಕಂಡದ್ದು ತಪ್ಪೇ? ಅಲ್ಲ. 1998ರಲ್ಲಿ ಅರೆನ್‌ಬರ್ಗ್ ಹಾದಿಯಲ್ಲಿ ಬಿದ್ದ ಬೆಲ್ಜಿಯಂನ ಯೋಹಾನ್ ಮ್ಯೂಸಿಯುವಿನ ಮೊಣಕಾಲ ಚಿಪ್ಪು ಒಡೆಯಿತು. ಗಾಯ ನಂಜೇರಿ ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಬಂದಿತ್ತು. ಆತ ಚೇತರಿಸಿಕೊಂಡು 2000 ಮತ್ತು 2002ರಲ್ಲಿ ಇದೇ ಓಟವನ್ನು ಗೆದ್ದ. ಅಪಾಯ ನಿಜ, ಆಕರ್ಷಣೆಯೂ ನಿಜ. ಮಳೆಯಲ್ಲಿ ನೆನೆದು ಬಂದವನು ಮೊದಲನೆಯದನ್ನು ಕಂಡ. ಊಟ ಮಾಡಿ ಎದ್ದವನು ಎರಡನೆಯದನ್ನು ಕಂಡ. ಇತಿಹಾಸ ಓದುವಾಗ ನಾವು ದೊಡ್ಡ ಯುದ್ಧ, ಒಪ್ಪಂದಗಳನ್ನಷ್ಟೇ ನೋಡುತ್ತೇವೆ. ದಣಿದ ಒಬ್ಬ ಮನುಷ್ಯ ಕಳುಹಿಸದೆ ಬಿಟ್ಟ ತಂತಿಯೂ ಇತಿಹಾಸದ ಭಾಗವೇ.