ಬಳ್ಳಾರಿ ಮಾದರಿ (ಸಮುದಾಯ ಮಾನಸಿಕ ಆರೋಗ್ಯ)

ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದೆಂದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟ ಪ್ರಯೋಗ. ಇದನ್ನು ರೂಪಿಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಸಂಸ್ಥೆಯು 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ತೆರೆದು, ನಗರದಾಚೆಯ ಸಕಲವಾರದ ಸುತ್ತಲಿನ ಹಳ್ಳಿಗಳಲ್ಲಿ ಅನುಭವ ಗಳಿಸಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದ ಮೇಲೆ ಈ ಕೆಲಸವನ್ನು ಸುಮಾರು 20 ಲಕ್ಷ ಜನಸಂಖ್ಯೆಯ ಬಳ್ಳಾರಿಗೆ ವಿಸ್ತರಿಸಲಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಇದೇ.

ಮನೋವೈದ್ಯರು ಎಲ್ಲೆಡೆ ಸಿಗುವುದಿಲ್ಲ. ಆದ್ದರಿಂದ ಇರುವ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಡುವುದು ಇದರ ತಿರುಳು. ಔಷಧಿಗಳು ಕೆಲವೇ, ದಾಖಲೆ ಸರಳ, ಬೆನ್ನಿಗೆ ಜಿಲ್ಲಾ ಆಸ್ಪತ್ರೆಯ ತಂಡ. ತೀವ್ರ ಮನೋರೋಗ, ಖಿನ್ನತೆಗಳ ಜೊತೆ ಮೂರ್ಛೆರೋಗವನ್ನೂ ಸೇರಿಸಿದ್ದು ಜಾಣತನದ ನಿರ್ಧಾರ. ಗುಳಿಗೆಯಿಂದ ಫಿಟ್ಸ್ ಹತೋಟಿಗೆ ಬಂದದ್ದು ಇಡೀ ಓಣಿಯ ಕಣ್ಣಿಗೆ ಬೀಳುತ್ತದೆ. ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುತ್ತಿದ್ದವರನ್ನು ಆಸ್ಪತ್ರೆಯ ಕಡೆ ತಿರುಗಿಸಲು ಭಾಷಣಕ್ಕಿಂತ ಅದೇ ಹೆಚ್ಚು ಸಹಾಯಕ.

ಬಳ್ಳಾರಿಯಿಂದ ತುಂಗಭದ್ರೆಯ ಆಚೆ ದಡದ ರಾಯಚೂರು ಜಿಲ್ಲೆಯಲ್ಲಿ, ಅಂದರೆ ಸಿಂಧನೂರು, ಲಿಂಗಸುಗೂರು ಹಾಗೂ ಹೊಸ ತಾಲ್ಲೂಕಾದ ಮಸ್ಕಿಯಲ್ಲಿ, ಈ ಮಾದರಿಯ ಅಗತ್ಯ ಎದ್ದು ಕಾಣುತ್ತದೆ. ‘ಮನ್ಯಾಗ ಯಾರಿಗಾದ್ರೂ ತಲಿ ಕೆಟ್ಟೈತೇನು?’ ಎಂದು ಕೇಳಿದರೆ ಮನೆಯವರು ಬಾಯಿ ಬಿಡುವುದಿಲ್ಲ; ಮಗಳ ಸಂಬಂಧ ಮುರಿದೀತೆಂಬ ಅಂಜಿಕೆ. ‘ರಾತ್ರಿ ನಿದ್ದಿ ಬರ್ತದೇನವ್ವ? ಊಟ ಸೇರ್ತದೇನು?’ ಎಂದು ಆಶಾ ಕಾರ್ಯಕರ್ತೆ ವಿಚಾರಿಸಿದರೆ ಮಾತು ಹೊರಬೀಳುತ್ತದೆ. ನಿದ್ದೆ, ಊಟ, ಕೆಲಸದ ಮೇಲಿನ ಆಸಕ್ತಿ, ಸಾಯುವ ಯೋಚನೆ ಇವುಗಳನ್ನು ನೇರವಾಗಿ, ಮೆಲ್ಲಗೆ ಕೇಳುವುದೇ ತಪಾಸಣೆಯ ಮೊದಲ ಹೆಜ್ಜೆ. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಅದು ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ.

ಚಿಕಿತ್ಸೆ ಹತ್ತಿರದಲ್ಲಿ ಇಲ್ಲದ ಕಡೆ ರೋಗಿಗೆ ಸಂಕೋಲೆ ಬೀಳುತ್ತದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಸರ್ಕಾರ ನಡೆಸುವ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿಸಿದೆ.

ಕರ್ನಾಟಕದಲ್ಲಿ 2014ರಿಂದ ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸೇವೆ ಏರ್ಪಡಿಸಲಾಗಿದೆ. ಆದರೆ ರಾಯಚೂರು ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ಅಲ್ಲಿಗೆ ಗುಳಿಗೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ. ಹೊರಡುವ ಮುನ್ನ ಹೆಚ್ಚು ದಿನದ ಔಷಧಿ ಕೊಟ್ಟು, ಔಷಧಿಯ ಹೆಸರು, ಪ್ರಮಾಣ ಬರೆದ ಚೀಟಿಯನ್ನು ಮನೆಯವರ ಕೈಗಿಟ್ಟರೆ ದುಡಿಯುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.